ಬೆಂಗಳೂರಿನ ಸಣ್ಣ ಬಾಡಿಗೆ ಕಟ್ಟಡಗಳು: ಚರಿತ್ರೆ

ಒಂದು ನಿವೇಶನದಲ್ಲಿ ತಾನೂ ಇದ್ದು, ನಾಲ್ಕಾರು ಸಂಸಾರಗಳಿಗೆ ಮನೆ ಕೊಟ್ಟು ಬಾಡಿಗೆಯಿಂದ ಬದುಕುವ ಪದ್ಧತಿ ಬೆಂಗಳೂರಿನಲ್ಲಿ ಹಳೆಯದು. ಇದು ಐಟಿ ಉದ್ಯಮದ ಕೂಸು ಎಂಬ ಮಾತು ಆಗಾಗ ಕೇಳಿಬರುತ್ತದಾದರೂ ಅದು ಪೂರ್ತಿ ಸರಿಯಲ್ಲ.

ಮೊದಲ ರೂಪ ವಠಾರ. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲೂ ಅದು ಹಬ್ಬಿತು: ಬೀದಿ ಕಡೆ ಮಾಲೀಕರ ಮನೆ, ಹಿಂದೆ ಸಾಲುಮನೆಗಳು, ಎಲ್ಲರಿಗೂ ಒಂದೇ ನಲ್ಲಿ. ಇದನ್ನು ಮುಂಬೈನ ಚಾಳಿನ ಜೊತೆ ಸಮೀಕರಿಸುವುದುಂಟು. ಆದರೆ ಚಾಳು ಹೆಚ್ಚಾಗಿ ಗಿರಣಿ ಕಾರ್ಮಿಕರಿಗಾಗಿ ಎದ್ದ ಮಹಡಿ ಕಟ್ಟಡ. ವಠಾರದ ಮಾಲೀಕ ಬಾಡಿಗೆದಾರರ ನೆರೆಯವನೇ.

ಎರಡನೆಯ ಘಟ್ಟಕ್ಕೆ ಕಾರಣ ನಿವೇಶನ ಹಂಚಿಕೆ. 1945ರ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್, 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹಂಚಿದ 30x40 ಅಡಿ ಸೈಟುಗಳಲ್ಲಿ ನೌಕರರು ಮೊದಲು ನೆಲಮನೆ ಕಟ್ಟಿ, ಕೈಯಲ್ಲಿ ದುಡ್ಡು ಸೇರಿದಂತೆ ಮೇಲೆ ಮಹಡಿ ಏರಿಸಿದರು. ಬಾಡಿಗೆದಾರರು ಓಡಾಡಲು ಪಕ್ಕದಲ್ಲಿ ಬೇರೆ ಮೆಟ್ಟಿಲು, ಗೇಟಿನ ಬಳಿ ಸಾಲಾಗಿ ಕರೆಂಟ್ ಮೀಟರುಗಳು ಬಂದವು. ಬಂಡವಾಳಕ್ಕೆ ಬ್ಯಾಂಕಿಗಿಂತ ಭೋಗ್ಯದ ಹಣ ಎಷ್ಟೋ ಮನೆಗಳಿಗೆ ಆಸರೆಯಾಯಿತು: ಬಾಡಿಗೆದಾರ ದೊಡ್ಡ ಮೊತ್ತ ಒಮ್ಮೆಲೇ ಕೊಡುತ್ತಾನೆ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಹಣ ವಾಪಸ್. ಆ ಹಣ ಅಷ್ಟರಲ್ಲಿ ಮೇಲಿನ ಮಹಡಿಯ ಸಿಮೆಂಟಾಗಿ ಹೋಗಿದ್ದರೆ, ಹೊಸ ಭೋಗ್ಯದಾರ ಸಿಕ್ಕುವವರೆಗೆ ಹಳಬ ಕಾಯಬೇಕು. ತಕರಾರುಗಳು ಹುಟ್ಟುವುದು ಇಲ್ಲಿಯೇ.

ಕಾನೂನಿನ ಕಾಲಗಣನೆಯಲ್ಲೂ ಗೊಂದಲವಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ 1999ಕ್ಕೇ ಮುಗಿಯಿತೆಂದು ತಿಳಿಯುವವರಿದ್ದಾರೆ. ಆದರೆ 1999ರ ಹೆಸರಿನ ಹೊಸ ಕಾಯ್ದೆ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಅದರ ವ್ಯಾಪ್ತಿಗೆ ಬರಲಿಲ್ಲ. ಬಾಡಿಗೆ ಏರುತ್ತಾ ಹೋದಂತೆ ಹೆಚ್ಚಿನ ಮನೆಗಳು ತಾವಾಗಿಯೇ ಹೊರಗುಳಿದವು. ಉಳಿದದ್ದು 11 ತಿಂಗಳ ಕರಾರು, ಹತ್ತು ತಿಂಗಳ ಬಾಡಿಗೆಯವರೆಗಿನ ಅಡ್ವಾನ್ಸ್. 2021ರ ಕೇಂದ್ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸಿಗೆ ಎರಡು ತಿಂಗಳ ಬಾಡಿಗೆಯ ಮಿತಿ ಸೂಚಿಸಿದರೂ ಇಲ್ಲಿನ ರೂಢಿ ಬದಲಾಗಲಿಲ್ಲ.

ಐಟಿ ಬಂದ ಮೇಲೆ ಒಂದು ಕೋಣೆಯ ಮನೆಗಳು, ಪಿಜಿಗಳು ಹೆಚ್ಚಿದವು. 2020ರ ಕೋವಿಡ್‌ನಲ್ಲಿ ಅನೇಕ ಗೇಟುಗಳಿಗೆ ಟು-ಲೆಟ್ ಬೋರ್ಡು ಮರಳಿತು. ಇನ್ನು ಕಟ್ಟಡ ನಿಯಮಗಳ ಮಾತಿಗೆ ಬಂದರೆ, ನಕ್ಷೆ ಮೀರಿದ ಮಹಡಿಗಳನ್ನು ಸಕ್ರಮಗೊಳಿಸುವ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿತು. ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಕೂಡದೆಂದು ಅದೇ ಕೋರ್ಟು 2024ರ ಡಿಸೆಂಬರ್‌ನಲ್ಲಿ ಹೇಳಿತು. 1,200 ಚದರಡಿವರೆಗಿನ ನಿವೇಶನಗಳ ಮನೆಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ಈ ಪತ್ರದಿಂದ ವಿನಾಯಿತಿ ನೀಡಿತು.