ಹಂಪಿಯ ಗ್ರಾನೈಟ್ ಮತ್ತು ಸಂಡೂರಿನ ಪರ್ವತಜನನದ ಕೊನೆಗಾಲ

ಸಂಡೂರಿನ ಬೆಟ್ಟಸಾಲು ಧಾರವಾಡ ಶಿಲೆಗಳ ಒಂದು ಕೆಳಮಡಿಕೆ ಎಂದು ರಾಬರ್ಟ್ ಬ್ರೂಸ್ ಫೂಟ್ ಓದಿದರು. ಬಳ್ಳಾರಿ ಜಿಲ್ಲೆಯನ್ನು ಕುರಿತ ಅವರ ವರದಿ 1895ರದು. ಈ ಪದರಗಳು ಹಳೆಯ ನೈಸ್ ಶಿಲೆಯ ಮೇಲೆ ಶೇಖರವಾದವೆಂಬ ಅವರ ಮತವನ್ನು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಒಪ್ಪಲಿಲ್ಲ. ಆ ಜಗಳ ಈಗ ಹಳತು. ಚಾಡ್ವಿಕ್, ವಾಸುದೇವ್, ಅಹ್ಮದ್ ಅವರ 1996ರ ಅಧ್ಯಯನದ ನಂತರ, ಸಂಡೂರಿನ ಶಿಸ್ಟ್ ಪಟ್ಟಿಯನ್ನೂ ಅದರ ಸುತ್ತಲಿನ ಗ್ರಾನೈಟುಗಳನ್ನೂ ಒಂದೇ ಭೂಚಲನೆಯ ಚರಿತ್ರೆಯೊಳಗಿಟ್ಟು ನೋಡುವುದು ಅನಿವಾರ್ಯವಾಗಿದೆ.

ಆ ಭೂಚಲನೆಯ, ಅಂದರೆ ಪರ್ವತಜನನದ, ಆರಂಭಕ್ಕೆ ಒಂದು ಮಿತಿ ಸಿಕ್ಕಿದೆ. ನಟ್‌ಮನ್ ಮತ್ತು ಸಂಗಡಿಗರು ಸಂಡೂರಿನ ಜ್ವಾಲಾಮುಖಿ ಶಿಲೆಯ ಜಿರ್ಕಾನ್ ಹರಳುಗಳಿಂದ ಪಡೆದ ವಯಸ್ಸು 265.8 ಕೋಟಿ ವರ್ಷ. ನಾರಿಹಳ್ಳ ಎಂಬ ತೊರೆ ಬೆಟ್ಟವನ್ನು ಸೀಳಿಕೊಂಡು ಹರಿಯುವ ಕಡೆ ಪದರಗಳು ಕಡಿದಾಗಿ ಎದ್ದು ನಿಂತಿವೆ. ಆ ಜ್ವಾಲಾಮುಖಿ ಶಿಲೆ ಮಡಿಕೆಯೊಳಗೇ ಸಿಕ್ಕಿಕೊಂಡಿರುವುದರಿಂದ ಅದನ್ನು ಮಡಿಸಿದ ಒತ್ತಡ ಆ ವಯಸ್ಸಿಗಿಂತ ಈಚಿನದು.

ವಿವಾದವಿರುವುದು ಕೊನೆಯ ಮಿತಿಯಲ್ಲಿ. ಹಂಪಿಯಿಂದ ಕಂಪ್ಲಿಯ ಕಡೆಗೆ ಹರಡಿದ ಗ್ರಾನೈಟಿನಲ್ಲಿ ಖನಿಜಗಳು ಸಾಲುಗಟ್ಟಿದ ಗುರುತು ಕ್ಷೀಣ. ಆದ್ದರಿಂದ ಅದು ಪರ್ವತಜನನ ಮುಗಿದ ಮೇಲೆ ಬಂದದ್ದು ಎನ್ನುವುದು ಸುಲಭದ ತೀರ್ಮಾನ. ನಾನು ಇದನ್ನು ಒಪ್ಪಲಾರೆ. ರಾಮನಗರದ ಹಳೆಯ ಹೆಸರನ್ನೇ ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 400 ಕಿ.ಮೀ. ಉದ್ದದ್ದು, ಹಂಪಿ ಅದರ ಉತ್ತರ ಭಾಗವೆಂಬುದು ರೂಢಿಯ ಅಭಿಪ್ರಾಯ. ಧಾರವಾಡ ಭೂಖಂಡದ ತೊಗಟೆ ಓರೆಯಾಗಿ ಸವೆದಿರುವುದರಿಂದ ದಕ್ಷಿಣದಲ್ಲಿ ಈ ಗ್ರಾನೈಟಿನ ಆಳದ ಬೇರು, ಉತ್ತರದಲ್ಲಿ ಮೇಲ್ಮಟ್ಟದ ಭಾಗ ತೆರೆದುಕೊಂಡಿದೆ. ದಕ್ಷಿಣದ ಬೇರಿನಲ್ಲಿ, ಶಿಲಾರಸ ಇನ್ನೂ ಹರಿಯುತ್ತಿದ್ದಾಗಲೇ ನೆಲ ಜರುಗುತ್ತಿತ್ತು ಎಂದು ಮೊಯೆನ್, ಜಯಾನಂದ ಮುಂತಾದವರು 2003ರಲ್ಲಿ ತೋರಿಸಿದ್ದಾರೆ. ಹಾಗಿದ್ದರೆ ಹಂಪಿಯ ಬಂಡೆ ನುಜ್ಜುಗುಜ್ಜಾಗದೆ ಉಳಿದದ್ದು ಅದು ಹೆಪ್ಪುಗಟ್ಟಿದ ಆಳವನ್ನು ಹೇಳುತ್ತದೆ, ಕಾಲವನ್ನು ಹೇಳಬೇಕೆಂದಿಲ್ಲ. ಸಂಡೂರನ್ನು ಹಿಸುಕಿದ ಚಲನೆಯ ಕೊನೆಯ ಘಟ್ಟ ಈ ಗ್ರಾನೈಟ್ ಏರಿಬಂದಾಗಲೂ ನಡೆದಿತ್ತು ಎಂಬುದು ನನ್ನ ಪ್ರತಿಪಾದನೆ.

ಇದಕ್ಕೆ ಷರತ್ತುಗಳಿವೆ. ಫ್ರೆಂಡ್ ಮತ್ತು ನಟ್‌ಮನ್ 1991ರಲ್ಲಿ ಕ್ಲೋಸ್‌ಪೇಟೆ ಗ್ರಾನೈಟಿಗೆ ಕೊಟ್ಟ ವಯಸ್ಸು 251.3 ಕೋಟಿ ವರ್ಷ. ಅದನ್ನು ಹಂಪಿಗೆ ಅನ್ವಯಿಸುವುದು ಎರಡು ತುದಿಗಳೂ ಒಂದೇ ಶಿಲಾರಸದವು ಎಂದು ನಂಬಿ ಮಾತ್ರ. ನಡುವೆ ಗ್ರಾನೈಟ್ ತುಂಡುತುಂಡಾಗಿ ಕಾಣುವ ವಲಯವಿರುವುದರಿಂದ ಆ ನಂಬಿಕೆ ದುರ್ಬಲವಾಗುತ್ತದೆ. ಮೇಲಾಗಿ, ಸಂಡೂರಿನ ಅಂಚಿನ ಗ್ರಾನೈಟುಗಳೆಲ್ಲ ಒಂದೇ ವಯಸ್ಸಿನವಲ್ಲ. ಆದ್ದರಿಂದ ಹೊಸಪೇಟೆ, ಕಂಪ್ಲಿ, ಸಂಡೂರುಗಳ ನಡುವಿನ ಸಂಪರ್ಕರೇಖೆಯ ಉದ್ದಕ್ಕೂ ಶಿಲೆಗಳ ವಯಸ್ಸನ್ನೂ ಖನಿಜಗಳ ಜೋಡಣೆಯನ್ನೂ ಒಟ್ಟಿಗೆ ಅಳೆಯಬೇಕು. ಆ ಅಳತೆ ನನ್ನ ವಾದಕ್ಕೆ ವಿರುದ್ಧ ಬಂದರೆ ವಾದವನ್ನು ಕೈಬಿಡಬೇಕು.