ಮಣ್ಣು ಬಿಟ್ಟ ಬೇರು: ನೀಲಗಿರಿಯ ಬಡಗರು, ಆಲೂಗಡ್ಡೆ ಮತ್ತು ಗಾಳಿಬೇಸಾಯ

ಗಡಿಯಾಚೆಯ ಕನ್ನಡದ ಮಾತು ಬಂದಾಗ ನಾವು ಶಾಸನ, ಶಾಲೆ, ಜನಗಣತಿ ಅಂತ ಶುರು ಮಾಡ್ತೀವಿ. ನಾನು ಒಂದು ಗಡ್ಡೆಯಿಂದ ಶುರು ಮಾಡ್ತೀನಿ.

ಬಡಗರು ಅಂದರೆ ಬಡಗಿನಿಂದ, ಅಂದರೆ ಉತ್ತರದಿಂದ ಬಂದವರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದ ನೆನಪು ಅವರ ಕಥೆಗಳಲ್ಲಿದೆ. (ಅವರ ಮಾತು ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಜಗಳಕ್ಕೆ ಇವತ್ತು ಕೈಹಾಕಲ್ಲ.) ರಾಗಿ, ಸಾಮೆ ಬೆಳೆಯುತ್ತಿದ್ದ ಅವರ ಹೊಲಗಳಿಗೆ ಆಲೂಗಡ್ಡೆ ಬಂದದ್ದು, 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಯುರೋಪಿನ ತರಕಾರಿಗಳನ್ನು ಬೆಟ್ಟಕ್ಕೆ ತಂದ ಮೇಲೆ. ಚರಿತ್ರೆಯಲ್ಲಿ ತಂದವನ ಹೆಸರಿದೆ, ಬೆಳೆದವರದು ಸಿಗೋದು ಕಷ್ಟ.

1961ರಲ್ಲಿ ಊಟಿಯ ಹೊಲವೊಂದರಲ್ಲಿ ಎಫ್.ಜಿ.ಡಬ್ಲ್ಯು. ಜೋನ್ಸ್ ಎಂಬ ವಿಜ್ಞಾನಿ ಆಲೂಗಡ್ಡೆಯ ಕೋಶ ಜಂತುಹುಳುವನ್ನು ಗುರುತಿಸಿದರು. ಭಾರತದಲ್ಲಿ ಅದು ಕಂಡದ್ದು ಅದೇ ಮೊದಲು. ಸತ್ತ ಹೆಣ್ಣುಹುಳುವಿನ ಮೈಯೇ ಗಟ್ಟಿ ಚೀಲವಾಗುತ್ತೆ. ಒಳಗೆ ನೂರಾರು ಮೊಟ್ಟೆ, ವರ್ಷಗಟ್ಟಲೆ ಮಣ್ಣಿನಲ್ಲಿ ಜೀವಂತ. 1971ರಲ್ಲಿ ಬಿತ್ತನೆ ಗಡ್ಡೆ ತಮಿಳುನಾಡಿನಿಂದ ಹೊರಗೆ ಹೋಗದಂತೆ ನಿರ್ಬಂಧ ಬಂತು. ಊಟಿ ಹತ್ತಿರದ ಮುತ್ತೊರೈ ಸಂಶೋಧನಾ ಕೇಂದ್ರದ ಕೆಲಸದಿಂದ ಹುಳು ತಡೆಯುವ ಕುಫ್ರಿ ಸ್ವರ್ಣ ತಳಿ ಬಂತು. ಆದರೆ ಅಷ್ಟರಲ್ಲಿ ಎಷ್ಟೋ ಹೊಲ ಚಹಾ ತೋಟವಾಗುತ್ತಿತ್ತು.

ಈ ಹಿನ್ನೆಲೆಯಿಟ್ಟುಕೊಂಡು ಏರೋಪೋನಿಕ್ಸ್ ನೋಡಬೇಕು ಅನ್ನೋದು ನನ್ನ ವಾದ. ಈ ಪದ ಕೊಟ್ಟವರು ಎಫ್.ಡಬ್ಲ್ಯು. ವೆಂಟ್, 1957ರಲ್ಲಿ. ಗ್ರೀಕಿನಲ್ಲಿ 'ಪೋನೋಸ್' ಅಂದರೆ ದುಡಿಮೆ. ನಮ್ಮ 'ಬೇಸಾಯ'ವೂ 'ವ್ಯವಸಾಯ'ದ ತದ್ಭವ, ಅದರ ಮೂಲಾರ್ಥವೂ ಪ್ರಯತ್ನವೇ. ಹಾಗಾಗಿ 'ಗಾಳಿಬೇಸಾಯ' ಅನ್ನೋ ಅನುವಾದ ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ಕೂರುತ್ತೆ.

ಕತ್ತಲೆ ಪೆಟ್ಟಿಗೆಯೊಳಗೆ ಬೇರು ನೇತಾಡುತ್ತೆ, ಪೋಷಕಾಂಶದ ನೀರು ಮಂಜಿನಂತೆ ಆಗಾಗ ಸಿಂಪಡಣೆಯಾಗುತ್ತೆ. ಗಿಡ ಕೀಳದೆಯೇ ಸಣ್ಣ ಗಡ್ಡೆಗಳನ್ನು ಮತ್ತೆ ಮತ್ತೆ ಬಿಡಿಸಿಕೊಳ್ಳಬಹುದು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಬಿತ್ತನೆಗಾಗಿ ಈ ವಿಧಾನವನ್ನು ರೂಪಿಸಿದೆ. ಮಣ್ಣೇ ಇಲ್ಲದ ಕಡೆ ಮಣ್ಣಿನ ಹುಳು ಎಲ್ಲಿಂದ ಬರಬೇಕು?

ಆದರೆ ಆ ಶುದ್ಧ ಗಡ್ಡೆಯನ್ನು ಕೊನೆಗೆ ಊರೋದು ಮಣ್ಣಿನಲ್ಲೇ. ಪೆಟ್ಟಿಗೆ ಬೀಜವನ್ನು ಕಾಪಾಡುತ್ತೆ, ಹೊಲವನ್ನಲ್ಲ. ಕರೆಂಟ್ ಹೋಗಿ ಸಿಂಪಡಣೆ ನಿಂತರೆ ಬೇರು ಬೇಗ ಒಣಗುತ್ತೆ, ಅಂದರೆ ಬಂಡವಾಳ ಇಲ್ಲದವರಿಗೆ ಇದು ದೂರ. ಹಿಂದಿನ ಬೆಳೆಯಿಂದ ಬೀಜ ಎತ್ತಿಟ್ಟುಕೊಳ್ಳುತ್ತಿದ್ದ ಮನೆ ಬೀಜ ಕೊಳ್ಳುವ ಮನೆಯಾದಾಗ ಬೀಜ ಆರಿಸುವ ತಿಳಿವಳಿಕೆ, ಅದರ ಜೊತೆಗಿದ್ದ ಮಾತುಗಳು ಏನಾಗುತ್ತವೆ? ಬಡಗ ಹಿರಿಯರ ಬಾಯಲ್ಲಿರುವ ಆ ಪದಗಳನ್ನು ನಮ್ಮ ವಿಭಾಗ ದಾಖಲಿಸುವ ಕೆಲಸ ಕೈಗೆತ್ತಿಕೊಳ್ಳಬಹುದೇ ಅಂತ ಗುರುಗಳನ್ನು ಕೇಳ್ತಿದ್ದೀನಿ.