ಕುಷ್ಠರೋಗ ಮತ್ತು ಕಳಂಕ: ಹುಬ್ಬಳ್ಳಿ-ಧಾರವಾಡ ಸೀಮೆಯ ಚರಿತ್ರೆ

ಕುಷ್ಠರೋಗವು ಚರ್ಮವನ್ನೂ ನರಗಳನ್ನೂ ಬಾಧಿಸುವ, ಬಲು ನಿಧಾನವಾಗಿ ಬೆಳೆಯುವ ಸೋಂಕು. ಇದರ ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದ. ಮಹಾರೋಗ, ದೊಡ್ಡರೋಗ ಎಂಬ ಹಳೆಯ ಹೆಸರುಗಳಲ್ಲೇ ಜನರ ಅಂಜಿಕೆ ಅಡಗಿದೆ. ತೊನ್ನು ಬೇರೆಯೇ ಸಮಸ್ಯೆ, ಅಂಟುವಂಥದ್ದೂ ಅಲ್ಲ. ಆದರೂ ಅದಕ್ಕೂ ಇದೇ ಅಪವಾದ ತಗುಲಿಕೊಂಡಿದೆ.

ಈ ಸೀಮೆಯವರಿಗೆ ರೋಗದ ಕತೆ ಮೊದಲು ಕೇಳಿಬರುವುದು ಸವದತ್ತಿ ಎಲ್ಲಮ್ಮನ ಗುಡ್ಡದಿಂದ. ಅಲ್ಲಿ ಎಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆಗೆ ಗಂಡ ಜಮದಗ್ನಿಯ ಶಾಪದಿಂದ ಚರ್ಮರೋಗ ಬರುತ್ತದೆ. ಕೆಲವರು ಅದನ್ನು ಕುಷ್ಠವೆಂದೇ ಹೇಳುತ್ತಾರೆ. ಎಕ್ಕಯ್ಯ-ಜೋಗಯ್ಯರೆಂಬ ಸಾಧುಗಳ ಉಪದೇಶದಂತೆ ಮಿಂದು ಅವಳು ಗುಣಮುಖಳಾಗುತ್ತಾಳೆ. ಚರ್ಮದ ಬಾಧೆಯವರು ಅಲ್ಲಿನ ಜೋಗುಳಬಾವಿಯಲ್ಲಿ ಮೀಯುವ ವಾಡಿಕೆಯ ಹಿಂದೆ ಈ ನಂಬಿಕೆಯಿದೆ. ಕತೆಯ ಮುಂದಿನ ಭಾಗವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ: ಗುಣವಾಗಿ ಮರಳಿದರೂ ಗಂಡ ಅವಳನ್ನು ಒಪ್ಪಿಕೊಳ್ಳಲಿಲ್ಲ.

ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮುಂಬಯಿಯಲ್ಲಿ ಕುಷ್ಠರೋಗಿಗಳ ಅಕ್ವರ್ತ್ ಆಶ್ರಯಧಾಮ ಶುರುವಾದದ್ದು 1890ರಲ್ಲಿ. ಅದೇ ವರ್ಷ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಕುಷ್ಠಾಶ್ರಮ ತೆರೆದರು. ಈ ರೋಗ ಸುಲಭವಾಗಿ ಅಂಟುವುದಿಲ್ಲ, ಬಲವಂತದ ಪ್ರತ್ಯೇಕತೆ ಬೇಕಿಲ್ಲ ಎಂದು 1890-91ರ ಭಾರತ ಕುಷ್ಠ ಆಯೋಗ ಹೇಳಿತ್ತು. ಸರ್ಕಾರ ಮಾತ್ರ 1898ರಲ್ಲಿ ಕಾಯಿದೆಯನ್ನೇ ತಂದಿತು. ಅಧಿಸೂಚನೆ ಹೊರಡಿಸಿದ ಕಡೆ ಬಡ ರೋಗಿಯನ್ನು ಪೊಲೀಸರು ಹಿಡಿದು ಆಶ್ರಮಕ್ಕೆ ಅಟ್ಟಬಹುದಿತ್ತು. ಸಾರ್ವಜನಿಕ ಬಾವಿಯ ನೀರು ಸೇದುವುದು, ತಿನಿಸು ಮಾಡಿ ಮಾರುವುದು, ಬಾಡಿಗೆ ಗಾಡಿ ಏರುವುದು ಇವನ್ನೆಲ್ಲ ನಿಷೇಧಿಸಲು ಅವಕಾಶವಿತ್ತು. ಉಳ್ಳವರನ್ನು ಬಿಟ್ಟು ಭಿಕ್ಷುಕರನ್ನೇ ಹಿಡಿಯುವ ಕಾನೂನಿಗೆ ಅಂಜಿಕೆ ರೋಗದ್ದೋ ಬಡತನದ್ದೋ! ಕೇಂದ್ರ ಅದನ್ನು ರದ್ದು ಮಾಡಿದ್ದು 2016ರಲ್ಲಿ.

ಔಷಧ ಅದಕ್ಕಿಂತ ಬಹಳ ಮೊದಲೇ ಬಂದಿತ್ತು. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು. 1955ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆ ಇಂದು 6ರಿಂದ 12 ತಿಂಗಳಲ್ಲಿ ಮುಗಿಯುತ್ತದೆ. ಈಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದೆಯೇ ಎಂದು ಕೇಳುತ್ತಾರೆ. ಬೆನ್ನಿನ ಮೇಲಿನ ಮಚ್ಚೆ ತೋರಿಸಲು ಹಿಂಜರಿದು ಮುಚ್ಚಿಟ್ಟುಕೊಂಡವರ ನರಗಳು ಅಷ್ಟರಲ್ಲಿ ಸೊರಗಿರುತ್ತವೆ. ಅಂಗವೈಕಲ್ಯಕ್ಕೆ ರೋಗದಷ್ಟೇ ಈ ನಾಚಿಕೆಯೂ ಕಾರಣ.

ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿ ಇಟ್ಟಿದ್ದ ವೈಯಕ್ತಿಕ ಕಾನೂನುಗಳು ತಿದ್ದುಪಡಿಯಾದದ್ದು 2019ರಲ್ಲಿ. ಜಮದಗ್ನಿಗೆ ಅಲ್ಲಿಯವರೆಗೆ ಕೋರ್ಟಿನ ಬೆಂಬಲವೂ ಇತ್ತೆನ್ನಬೇಕು.

ಗುಣವಾದ ಮೇಲೂ ಸ್ಪರ್ಶಜ್ಞಾನ ಮರಳದ ಪಾದಕ್ಕೆ ಎರೆಹೊಲದ ಜಾಲಿಮುಳ್ಳು ನೆಟ್ಟರೂ ತಿಳಿಯುವುದಿಲ್ಲ. ಒಲೆಯ ಮುಂದೆ ಕೈ ಸುಟ್ಟರೂ ಅಷ್ಟೇ. ಹೀಗಾಗಿ ದಿನಾ ಸಂಜೆ ಕಾಲು ನೀರಿನಲ್ಲಿ ನೆನೆಯಿಟ್ಟು, ಎಣ್ಣೆ ಹಚ್ಚಿ, ಗಾಯವಿದೆಯೇ ಎಂದು ಕಣ್ಣಿನಿಂದಲೇ ನೋಡಿಕೊಳ್ಳಬೇಕು. ಪಾದ ಕಾಯಲು ಸರ್ಕಾರ ಮೆತ್ತನೆಯ ರಬ್ಬರಿನ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಕೊಡುತ್ತದೆ. ಅದರ ಆಕಾರವನ್ನು ಊರವರು ಗುರುತು ಹಿಡಿಯುತ್ತಾರೆಂದು ಹಲವರು ಅದನ್ನು ಮನೆಯಲ್ಲೇ ಬಿಟ್ಟು ಹೊಲಕ್ಕೆ ಹೋಗುತ್ತಿದ್ದರು. ಅಂಗಡಿಯ ಚಪ್ಪಲಿಯಂತೆ ಕಾಣುವ ಮಾದರಿಗಳು ಬಂದದ್ದು ಆಮೇಲೆ.